ಮೇಲಟ್ಟಕ್ಕೆ ಹಿಡಿಯುವಷ್ಟು

"ಸೂಟ್‌ಕೇಸ್ ಒಳಗೆ ಬರುವುದಿಲ್ಲ" ಎಂದರು ನನ್ನ ಚಾಲನಾ ತರಬೇತುದಾರರು, ಲಾರಿಯ ಮೆಟ್ಟಿಲ ಮೇಲೆ ನಿಂತುಕೊಂಡೇ. ಮದುವೆಗೆ ಉಡುಗೊರೆಯಾಗಿ ಬಂದಿದ್ದ, ಗಟ್ಟಿ ಪ್ಲಾಸ್ಟಿಕ್ಕಿನ, ಚಕ್ರವಿರುವ ಸೂಟ್‌ಕೇಸ್ ಅದು. ಬೆಂಗಳೂರಿನಿಂದ ಅಮೆರಿಕಕ್ಕೆ ನನ್ನ ಜೊತೆಯೇ ಬಂದಿತ್ತು. ಇಂಡಿಯಾನಾದ ಒಂದು ಲಾರಿ ಅಂಗಳದಲ್ಲಿ, ಜನವರಿಯ ಬೆಳಗಿನ ಜಾವ, ಅದನ್ನು ಹಿಮದ ಮೇಲೆ ತೆರೆದಿಟ್ಟುಕೊಂಡು ಬೇಕಾದದ್ದನ್ನೂ ಬೇಡವಾದದ್ದನ್ನೂ ಬೇರೆ ಮಾಡಿದೆ. ಯಾರೋ ತಂದುಕೊಟ್ಟ ಎರಡು ಕಸದ ಚೀಲಗಳಲ್ಲಿ ನನ್ನ ಐದು ವಾರದ ಸಂಸಾರ ಲಾರಿ ಹತ್ತಿತು. ಪ್ರೆಷರ್ ಕುಕ್ಕರ್, ಇಸ್ತ್ರಿ ಮಾಡಿದ ನಾಲ್ಕು ಅಂಗಿ, ದಪ್ಪನೆಯ ರಜಾಯಿ ಸೂಟ್‌ಕೇಸಿನೊಳಗೇ ಉಳಿದು ಕಚೇರಿಯ ಮೂಲೆ ಸೇರಿದವು.

ನನ್ನಪ್ಪ ತಿಪಟೂರಿನಿಂದ ಕೊಬ್ಬರಿ ತುಂಬಿಕೊಂಡು ಉತ್ತರ ಭಾರತಕ್ಕೆ ಲಾರಿ ಓಡಿಸುತ್ತಿದ್ದವರು. ಹಾಗಾಗಿ ಲಾರಿಯ ಬದುಕು ನನಗೆ ಗೊತ್ತು ಎಂಬ ಸೊಕ್ಕಿತ್ತು. ಅಪ್ಪನ ಲಾರಿಯಲ್ಲಿ ಸ್ಟವ್ ಇತ್ತು, ಅಕ್ಕಿ ಬೇಳೆಯ ಡಬ್ಬಗಳಿದ್ದವು, ಪಾತ್ರೆ ತೊಳೆಯಲು ಕ್ಲೀನರ್ ಇದ್ದ. ಆದರೆ ಅಲ್ಲಿ ಅಪ್ಪನೇ ಯಜಮಾನರು. ಇಲ್ಲಿ ತರಬೇತಿಗೆ ಹತ್ತುವವನು ಇನ್ನೊಬ್ಬರ ಮನೆಗೆ ನೆಂಟನಾಗಿ ಹೋಗುತ್ತಾನೆ. ಅದೂ ಒಂದೇ ಕೋಣೆಯ ಮನೆಗೆ. ಚೀಲ ಕಟ್ಟುವಾಗ ಈ ಒಂದು ವಿಷಯ ನನ್ನ ತಲೆಗೆ ಹೋಗಿರಲಿಲ್ಲ.

ಇಲ್ಲಿನ ಕ್ರಮವನ್ನು ಸ್ವಲ್ಪ ಹೇಳಬೇಕು. ಟ್ರೇಲರ್ ಎಳೆಯುವ ದೊಡ್ಡ ಲಾರಿ ಓಡಿಸಲು ಬೇಕಾದ ಕ್ಲಾಸ್ ಎ ಪರವಾನಗಿಯನ್ನು ಹೊಸದಾಗಿ ಬಯಸುವವರು 2022ರ ಫೆಬ್ರವರಿ 7ರಿಂದೀಚೆಗೆ ಕೇಂದ್ರ ಸಾರಿಗೆ ಇಲಾಖೆಯಲ್ಲಿ ನೋಂದಾಯಿತರಾದವರ ಬಳಿಯೇ ಕಲಿಯಬೇಕು. ಕಲಿಕಾ ಪರವಾನಗಿ ಸಿಕ್ಕಿ ಕನಿಷ್ಠ 14 ದಿನ ಕಳೆದ ಮೇಲಷ್ಟೇ ಓಡಿಸುವ ಪರೀಕ್ಷೆ. ಅದರಲ್ಲಿ ಗೆದ್ದ ಮೇಲೆ ಕಂಪನಿ ನಮ್ಮನ್ನು ಹಳೆಯ ಚಾಲಕರೊಬ್ಬರ ಜೊತೆ ಕೆಲವು ವಾರ ದೇಶ ಸುತ್ತಲು ಕಳಿಸುತ್ತದೆ. 53 ಅಡಿಯ ಟ್ರೇಲರ್, ಸರಕೂ ಲಾರಿಯೂ ಸೇರಿ 80,000 ಪೌಂಡ್, ಅಂದರೆ ಸುಮಾರು 36 ಟನ್‌ವರೆಗಿನ ತೂಕ. ಒಬ್ಬ ಚಾಲಕ ಹತ್ತು ಗಂಟೆ ವಿಶ್ರಾಂತಿಯ ನಂತರ ಹನ್ನೊಂದು ಗಂಟೆ ಓಡಿಸಬಹುದು, ಆದರೆ ಕೆಲಸ ಶುರುವಾದ ಹದಿನಾಲ್ಕು ಗಂಟೆಯೊಳಗೆ ಅದು ಮುಗಿಯಬೇಕು. ಇದನ್ನೆಲ್ಲ ಡ್ಯಾಶ್‌ಬೋರ್ಡಿನ ಯಂತ್ರ ಲೆಕ್ಕವಿಡುತ್ತದೆ. "ಸ್ವಲ್ಪ ನಿಲ್ಲಿಸಿ, ಟೂತ್‌ಪೇಸ್ಟ್ ತರುತ್ತೇನೆ" ಎಂದರೆ ಆ ಗಡಿಯಾರ ನಿಲ್ಲುವುದಿಲ್ಲ. ಇಷ್ಟುದ್ದದ ಗಾಡಿಯನ್ನು ನಿಲ್ಲಿಸಲು ಅಂಗಡಿಯ ಮುಂದೆ ಜಾಗವೂ ಸಿಗುವುದಿಲ್ಲ. ಟ್ರಕ್ ಸ್ಟಾಪ್‌ಗಳಲ್ಲಿ, ಅಂದರೆ ಹೆದ್ದಾರಿ ಬದಿಯ ಲಾರಿ ತಂಗುದಾಣಗಳಲ್ಲಿ, ಎಲ್ಲವೂ ಸಿಗುತ್ತದೆ, ಆದರೆ ಬೆಲೆ ಕೇಳಿದರೆ ಹಲ್ಲುಜ್ಜುವುದೇ ಬೇಡ ಎನಿಸುತ್ತದೆ.

ಬಟ್ಟೆಯ ಮೆತ್ತನೆಯ ಚೀಲ ಒಂದು, ಬೆನ್ನಿಗೆ ಹಾಕುವ ಚೀಲ ಇನ್ನೊಂದು. ತರಬೇತಿಗೆ ಏನು ಒಯ್ಯಬೇಕೆಂದು ನನ್ನನ್ನು ಕೇಳಿದರೆ ಅಷ್ಟೇ. ಮೆತ್ತನೆಯ ಚೀಲ ಮೂಲೆಗೆ ಒತ್ತಿದರೆ ಒತ್ತಿದ ಆಕಾರಕ್ಕೆ ಬರುತ್ತದೆ.

ನಿದ್ದೆಯ ಸಾಮಾನಿಗೆ ಮೊದಲ ಮರ್ಯಾದೆ ಕೊಡಬೇಕಿತ್ತು ಎಂದು ನನಗೆ ತಿಳಿದದ್ದು ಮೂರನೆಯ ರಾತ್ರಿ. ಸೀಟುಗಳ ಹಿಂದೆ ರೈಲಿನ ಬರ್ತ್‌ಗಳಂತೆ ಎರಡು ಹಾಸಿಗೆ. ಕೆಳಗಿನದು ತರಬೇತುದಾರರದು, ಮೇಲಟ್ಟ ನನ್ನದು. ಎರಡನೆಯ ವಾರದಿಂದ ಅವರು ಓಡಿಸುವಾಗ ನಾನು ಮಲಗಬೇಕಿತ್ತು. ಓಡುವ ಲಾರಿಯಲ್ಲಿ ಮೇಲೆ ಮಲಗುವುದು ಬೇಡ ಎಂಬುದು ಅವರ ನಿಯಮ. ಹಾಗಾಗಿ ಗಾಡಿ ಓಡುವಾಗ ಕೆಳಗೆ, ರಕ್ಷಣೆಯ ಬಲೆ ಬಿಗಿದುಕೊಂಡು, ನಿಂತಾಗ ಮೇಲೆ. ದಿನಕ್ಕೆರಡು ಸಲ ಹಾಸಿಗೆ ಸುತ್ತಿ ಹಾಸುವ ಕೆಲಸ. ಇದಕ್ಕೆ ರಜಾಯಿ, ಹೊದಿಕೆಗಳು ಆಗಿಬರುವುದಿಲ್ಲ. ಸ್ಲೀಪಿಂಗ್ ಬ್ಯಾಗ್ ಒಂದೇ ಸರಿ. ಅವರ ಹಾಸಿಗೆಗೆ ನನ್ನ ಬೆವರು ತಾಗುವುದಿಲ್ಲ, ಎದ್ದ ಕೂಡಲೇ ಸುತ್ತಿ ಎಸೆಯಬಹುದು. ನನ್ನ ಬಳಿ ಅದಿರಲಿಲ್ಲ. ನಾಲ್ಕನೆಯ ದಿನ ಅಯೋವಾದ ವಾಲ್ಕಾಟ್‌ನಲ್ಲಿ, ಜಗತ್ತಿನಲ್ಲೇ ದೊಡ್ಡದು ಎಂದು ಹೇಳಿಕೊಳ್ಳುವ ಆ ಟ್ರಕ್ ಸ್ಟಾಪ್‌ನಲ್ಲಿ, ದುಡ್ಡು ಸುರಿದು ಕೊಂಡೆ. ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ, ಕಿವಿಗೆ ಇಡುವ ಸ್ಪಂಜಿನ ಬೆಣೆಗಳನ್ನು ಹೆಂಡತಿ ಒತ್ತಾಯ ಮಾಡಿ ಚೀಲಕ್ಕೆ ಹಾಕಿದ್ದಳು. ಹಗಲು ಹನ್ನೊಂದಕ್ಕೆ, ನೆಬ್ರಾಸ್ಕಾದ ಬಿಸಿಲಿನಲ್ಲಿ, ಸೇತುವೆಯ ಪ್ರತಿ ಸಂದಿಗೂ ದಡಕ್ಕೆನ್ನುವ ಗಾಡಿಯಲ್ಲಿ ನಾನು ನಿದ್ದೆ ಮಾಡಿದ್ದು ಅವುಗಳ ದಯೆಯಿಂದ.

ಮುಂದಿನದು ಕಾಲಿನದು. ಹಿಮದಲ್ಲಿ ಜಾರದ, ಕಣಕಾಲು ಮುಚ್ಚುವ ಬೂಟು ಬೇಕೇ ಬೇಕು. ಕೆಲವು ಗೋದಾಮುಗಳಲ್ಲಿ ಬೆರಳ ಭಾಗಕ್ಕೆ ಉಕ್ಕಿನ ಕವಚವಿರುವ ಬೂಟೂ ಮಿನುಗುವ ಅಂಗಿಯೂ ಇಲ್ಲದೆ ಒಳಗೆ ಬಿಡುವುದಿಲ್ಲ. ನನ್ನ ತರಬೇತುದಾರರು ಬೂಟು ಹಾಕಿಕೊಂಡು ಹಿಂದಿನ ಹಾಸಿಗೆಯ ಕಡೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬೆಳೆದ ನನಗೆ ಈ ಒಂದು ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಲಿಲ್ಲ. ಒಳಗೆ ಹಾಕಿಕೊಳ್ಳಲು, ನಡುರಾತ್ರಿ ಶೌಚಾಲಯಕ್ಕೆ ಓಡಲು, ಸ್ನಾನದ ಕೋಣೆಗೆ ಒಂದೇ ಜೊತೆ ರಬ್ಬರ್ ಚಪ್ಪಲಿ ಸಾಕು. ದೊಡ್ಡ ಟ್ರಕ್ ಸ್ಟಾಪ್‌ಗಳ ಸ್ನಾನದ ಕೋಣೆಯಲ್ಲಿ ಟವೆಲ್ ಅವರೇ ಇಟ್ಟಿರುತ್ತಾರೆ. ನಾನು ಮೂರು ಒಯ್ದಿದ್ದೆ.

ಕೈಗವಸು ಎರಡು ಬಗೆಯವು ಬೇಕು. ಟ್ರೇಲರನ್ನು ಹಿಡಿದುಕೊಳ್ಳುವ ಫಿಫ್ತ್ ವೀಲ್ ಎಂಬ ತಟ್ಟೆಗೆ ಗ್ರೀಸ್ ಮೆತ್ತಿರುತ್ತದೆ, ಅದರ ಪಕ್ಕದ ಹಿಡಿಕೆಯನ್ನು ಎಳೆದರೆ ಕೈಯೆಲ್ಲ ಕಪ್ಪು. ಡೀಸೆಲ್ ಪಂಪಿನ ಹಿಡಿಕೆ ಮುಟ್ಟಿದ ಕೈಯಿಂದ ಸ್ಟಿಯರಿಂಗ್ ಹಿಡಿದರೆ ಆ ವಾಸನೆ ಮರುದಿನದವರೆಗೆ ಬಿಡುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ಇನ್ನೊಂದು. ಹೊರಡುವ ಮೊದಲು ಟೈರು, ಬ್ರೇಕು, ಗಾಳಿಯ ಕೊಳವೆಗಳನ್ನೆಲ್ಲ ಬಗ್ಗಿ ನೋಡಬೇಕು, ಜನವರಿಯಲ್ಲಿ ಅದು ಹೆಚ್ಚಾಗಿ ಕತ್ತಲಲ್ಲೇ. ಮೊಬೈಲಿನ ಬೆಳಕು ಹಿಡಿದು ಲಾರಿಯಡಿ ತೂರಿದ ಮೊದಲ ದಿನವೇ ಫೋನು ಕೆಸರಿಗೆ ಬಿತ್ತು. ಸುತ್ತಿಗೆ, ಸ್ಪ್ಯಾನರ್, ಗಾಳಿ ನೋಡುವ ಗೇಜು ಎಂದು ಆಯುಧಪೂಜೆಗೆ ಕೊಳ್ಳುವಂತೆ ಕೊಳ್ಳಬೇಡಿ. ಅವೆಲ್ಲ ತರಬೇತುದಾರರ ಬಳಿ ಇರುತ್ತವೆ.

ದಾರಿ ನೋಡಲು ಫೋನ್ ಇದೆಯಲ್ಲ ಎಂದುಕೊಂಡಿದ್ದೆ. ಮೊದಲ ದಿನವೇ ತರಬೇತುದಾರರು ನನಗೆ ಉತ್ತರ ಕ್ಯಾರೊಲಿನಾದ ಡರ್ಹಮ್‌ನ ರೈಲು ಸೇತುವೆಯ ವಿಡಿಯೋ ತೋರಿಸಿದರು. 11 ಅಡಿ 8 ಇಂಚು ಎತ್ತರವಿದ್ದ ಆ ಸೇತುವೆ ಎಷ್ಟೋ ಲಾರಿಗಳ ನೆತ್ತಿ ಸುಲಿದಿದೆ. 2019ರಲ್ಲಿ ಎಂಟು ಇಂಚು ಮೇಲೆತ್ತಿದರು, ಆಮೇಲೂ ಗುದ್ದುವವರು ಗುದ್ದುತ್ತಲೇ ಇದ್ದಾರೆ. ನಮ್ಮ ಟ್ರೇಲರ್ 13 ಅಡಿ 6 ಇಂಚು. ಕಾರಿಗೆಂದು ಮಾಡಿದ ನಕ್ಷೆಗೆ ಅದು ತಿಳಿಯದು. ಲಾರಿ ಚಾಲಕರ ಅಟ್ಲಾಸ್ ಪುಸ್ತಕವನ್ನು ಅಂದೇ ಕೊಂಡೆ. ಈಗಲೂ ಹೊಸ ಊರಿಗೆ ಹೊರಡುವ ಮುನ್ನ ಅದನ್ನು ಬಿಚ್ಚುತ್ತೇನೆ.

ಇನ್ನು ಊಟ. ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸುವ, ಟಿಫಿನ್ ಡಬ್ಬಿಯಂಥ 12 ವೋಲ್ಟ್ ಒಲೆ ಸಿಗುತ್ತದೆ. ಬಿಸಿಯಾಗಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಕೆಲಸ ಮಾಡುತ್ತದೆ. ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿಯ ಪುಡಿ, ಹುರಿಹಿಟ್ಟು, ಕೋಡುಬಳೆ, ಇವು ನನ್ನನ್ನು ಕಾಪಾಡಿದವು. ಎಲ್ಲ ಸೇರಿ ನಾಲ್ಕು ಕಿಲೋ ಇರಬಹುದು. ಚಟ್ನಿಪುಡಿ ಮಾತ್ರ ಎಡವಟ್ಟಾಯಿತು. ಡಬ್ಬಿ ತೆರೆದ ಕೂಡಲೇ ತರಬೇತುದಾರರು ಗಾಡಿಯನ್ನು ಪಕ್ಕಕ್ಕೆ ಹಾಕಿ ಎಲ್ಲಿ ವೈರ್ ಸುಡುತ್ತಿದೆ ಎಂದು ಹುಡುಕಿದರು. ಅದು ಇಂಗು ಎಂದು ವಿವರಿಸಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇಬ್ಬರಿರುವಾಗ ವಾಸನೆಯೂ ಸಾಮಾನೇ, ಅದಕ್ಕೂ ಜಾಗ ಬೇಕು. ಆಮೇಲೆ ನಾನು ಚಟ್ನಿಪುಡಿಯನ್ನು ಹೊರಗೆ, ಮೈನಸ್ ಹತ್ತರ ಚಳಿಯಲ್ಲಿ ನಿಂತು ತಿಂದೆ.

ಗಸಗಸೆ ಬೇಡ. ಕೆಲಸಕ್ಕೆ ಸೇರುವಾಗಲೂ, ಆಮೇಲೆ ಯಾವಾಗ ಬೇಕಾದರೂ, ಮೂತ್ರದ ಮಾದಕವಸ್ತು ಪರೀಕ್ಷೆ ಇರುತ್ತದೆ. ಗಸಗಸೆಯಲ್ಲಿ ಮಾರ್ಫಿನ್ ಅಂಶ ಉಳಿದಿರಬಹುದು. ಅದಕ್ಕೆಂದೇ 1998ರಲ್ಲಿ ಪರೀಕ್ಷೆಯ ಮಿತಿಯನ್ನು ಒಂದು ಮಿಲಿಲೀಟರಿಗೆ 300ರಿಂದ 2,000 ನ್ಯಾನೊಗ್ರಾಂಗೆ ಏರಿಸಿದ್ದಾರೆ. ಆದರೂ ಒಂದು ಲೋಟ ಪಾಯಸಕ್ಕಾಗಿ ಪರವಾನಗಿಯನ್ನು ಪಣಕ್ಕಿಡುವ ಧೈರ್ಯ ನನಗಿಲ್ಲ.

ವಯೋಮಿಂಗಿನ ಲಾರಮಿಯಲ್ಲಿ ಗಾಳಿ, ಹಿಮ ಸೇರಿ ಐ-80 ಹೆದ್ದಾರಿ ಮುಚ್ಚಿತು. ಮೂವತ್ತೊಂದು ಗಂಟೆ ಅಲ್ಲೇ. ಎರಡು ಗ್ಯಾಲನ್ ನೀರು, ಉಣ್ಣೆಯ ಒಳಬಟ್ಟೆ, ಹುರಿಹಿಟ್ಟು ಇದ್ದದ್ದರಿಂದ ನಾನು ಕೆಳಗಿಳಿಯದೆ ಕಳೆದೆ. ಎಂಜಿನ್ ಕೆಟ್ಟರೆ ಹೀಟರೂ ಇಲ್ಲ ಎಂಬುದನ್ನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಕಾಗದಗಳು: ಪರವಾನಗಿ, ವೈದ್ಯಕೀಯ ಪ್ರಮಾಣಪತ್ರದ ಪ್ರತಿ, ಗ್ರೀನ್ ಕಾರ್ಡಿನ ಮೂಲಪ್ರತಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ, ಮೈಮೇಲೆಯೇ. ಮೊದಲ ಸಂಬಳ ಬರುವವರೆಗಿನ ಖರ್ಚಿಗೆ ಸ್ವಲ್ಪ ನಗದು.

ಟ್ರಕೀ ಎಂಬಲ್ಲಿ ಕ್ಯಾಲಿಫೋರ್ನಿಯಾದ ಕೃಷಿ ತಪಾಸಣೆಯ ಗೇಟಿದೆ. ಹಣ್ಣು, ಗಿಡ, ಎಲೆ ಏನಾದರೂ ಇದೆಯೇ ಎಂದು ಕೇಳಿದರು. ನನ್ನ ಚೀಲದಲ್ಲಿ ಒದ್ದೆ ಕಾಗದದಲ್ಲಿ ಸುತ್ತಿದ ಹಸಿ ಕರಿಬೇವಿತ್ತು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದೇ. ಕಿತ್ತಳೆ ತೋಟಗಳಿಗೆ ರೋಗ ಹರಡುವ ಪುಟ್ಟ ಕೀಟ ಅದರ ಮೇಲೂ ಬದುಕುತ್ತದೆ. ತೆಗೆದು ಕೊಟ್ಟೆ. ರಾತ್ರಿ ಫೋನಿನಲ್ಲಿ ಹೇಳಿದಾಗ ಅಪ್ಪ ಬಹಳ ನಕ್ಕರು: "ನಮ್ಮ ಕಾಲದ ಚೆಕ್‌ಪೋಸ್ಟಿನವರು ಕರಿಬೇವನ್ನೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ಕೇಳುತ್ತಿದ್ದರು ಕಣಪ್ಪ."

ಐದು ವಾರದ ಮೇಲೆ ಹಿಂದಿರುಗಿದಾಗ ಸೂಟ್‌ಕೇಸ್ ಅದೇ ಮೂಲೆಯಲ್ಲಿತ್ತು. ಅಂಗಿಗಳ ಇಸ್ತ್ರಿಯ ಮಡಿಕೆ ಕೂಡ ಕೆಟ್ಟಿರಲಿಲ್ಲ. ಆಮೇಲೆ ಒಬ್ಬನಿಗೇ ಲಾರಿ ಕೊಟ್ಟರು, ಮೇಲಟ್ಟವೂ ಕೆಳಗಿನ ಹಾಸಿಗೆಯೂ ನನ್ನವೇ ಆದವು. ಆ ಪ್ರವಾಸಕ್ಕೆ ಕುಕ್ಕರನ್ನು ಒಯ್ದೆ, ಇಂಗನ್ನೂ.