ಒತ್ತಿದಾಗಲೇ ಜಿಗಿಯಬೇಕು: ಮೊಬೈಲ್ ಗೇಮ್ ಹದ ಮಾಡಿದ ನನ್ನ ಅನುಭವ

ಆಡುವ ಹುಡುಗ ತಗ್ಗಿಗೆ ಬಿದ್ದ ಕೂಡಲೇ ಏನು ಗೊಣಗುತ್ತಾನೆ ಎಂಬುದಕ್ಕೆ ಕಿವಿ ಕೊಡಿ. "ಲೇಟ್ ಆತ್ ನೋಡ" ಎಂದು ಮತ್ತೆ ಶುರು ಹಚ್ಚಿಕೊಂಡರೆ ಆಟ ಸರಿಯಿದೆ. "ಒತ್ತೇನಣ್ಣಾ, ಇದ ಜಿಗೀವಲ್ದು" ಎಂದರೆ ಕೆಲಸ ಬಾಕಿಯಿದೆ. ಸೋತದ್ದು ತನ್ನಿಂದಲೇ ಅನ್ನಿಸಿದರೆ ಆತ ಇನ್ನೊಮ್ಮೆ ಆಡುತ್ತಾನೆ, ಆಟ ಮೋಸ ಮಾಡಿತು ಅನ್ನಿಸಿದರೆ ಫೋನ್ ಕೆಳಗಿಡುತ್ತಾನೆ. ಚಿತ್ರ, ಸಂಗೀತ, ಕಥೆ ಎಲ್ಲ ಆಮೇಲೆ.

ಹುಬ್ಬಳ್ಳಿಯಲ್ಲಿ ಕೂತು, ಆಟ ತಯಾರಿಸುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ನಾನು ಮಾಡಿದ್ದು ಓಡುತ್ತ ಜಿಗಿಯುವ 2ಡಿ ಆಟ. ರಾಣೆಬೆನ್ನೂರು ಸೀಮೆಯ ಬಯಲಿನಲ್ಲಿ ಚಿಗರಿ (ಕೃಷ್ಣಮೃಗ) ಓಡುತ್ತದೆ, ತಗ್ಗು ದಾಟುತ್ತದೆ, ದಾರಿಯಲ್ಲಿ ಸಿಗುವ ಬ್ಯಾಡಗಿ ಮೆಣಸಿನಕಾಯಿ ಆಯ್ದುಕೊಳ್ಳುತ್ತದೆ. ಪರದೆ 640×360 ಪಿಕ್ಸೆಲ್, ನೆಲ ಜೋಡಿಸುವ ಚೌಕ ತುಂಡು, ಅಂದರೆ ಟೈಲ್, 32 ಪಿಕ್ಸೆಲ್. ಮುಂದಿನ ಲೆಕ್ಕವೆಲ್ಲ ಈ ಅಳತೆಗೆ.

ಗುರುತ್ವವನ್ನು ಕಣ್ಣಂದಾಜಿಗೆ ತುಂಬಿ ಒದ್ದಾಡಬೇಡಿ. ಎಷ್ಟು ಎತ್ತರ, ಎಷ್ಟು ಹೊತ್ತು ಎಂಬೆರಡನ್ನು ಮೊದಲು ಗೊತ್ತುಮಾಡಿಕೊಳ್ಳಿ. ನನ್ನ ಚಿಗರಿ ಮೂರು ಟೈಲ್ ಎತ್ತರಕ್ಕೆ, ಅಂದರೆ 96 ಪಿಕ್ಸೆಲ್, 0.4 ಸೆಕೆಂಡಿನಲ್ಲಿ ಏರಬೇಕು. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ: 192 ÷ 0.16 = 1200. ಅದೇ 192 ಅನ್ನು 0.4ರಿಂದ ಭಾಗಿಸಿದರೆ ನೆಲ ಬಿಡುವ ವೇಗ 480. ಗೋಡೋದಲ್ಲಿ ವೈ ಅಕ್ಷ ಕೆಳಮುಖವಾಗಿರುವುದರಿಂದ ಕೋಡ್‌ನಲ್ಲಿ ಅದು ಮೈನಸ್ 480. ಇಷ್ಟಕ್ಕೇ ಬಿಟ್ಟರೆ ಚಿಗರಿ ಬಲೂನಿನ ಹಾಗೆ ತೇಲುತ್ತದೆ. ಇಳಿಯುವಾಗ ಮಾತ್ರ ಗುರುತ್ವವನ್ನು 1.6 ಪಟ್ಟು ಹೆಚ್ಚಿಸಿ 1920 ಮಾಡಿದೆ. ಇಳಿಯಲು 0.32 ಸೆಕೆಂಡ್ ಸಾಕಾಗುತ್ತದೆ, ಜಿಗಿತಕ್ಕೆ ತೂಕ ಬರುತ್ತದೆ. ಏರುತ್ತಿರುವಾಗಲೇ ಬೆರಳು ತೆಗೆದರೆ ಮೇಲ್ಮುಖ ವೇಗವನ್ನು ಅರ್ಧಕ್ಕಿಳಿಸಿ. ಸಣ್ಣ ಒತ್ತಿಗೆ ಸಣ್ಣ ಜಿಗಿತ, ಉದ್ದ ಒತ್ತಿಗೆ ಪೂರ್ತಿ ಜಿಗಿತ.

ಈಗ ತಗ್ಗಿನ ಅಗಲ. ಓಟದ ವೇಗ ಸೆಕೆಂಡಿಗೆ 200 ಪಿಕ್ಸೆಲ್. ಪೂರ್ತಿ ಜಿಗಿತಕ್ಕೆ ಹತ್ತಿರಹತ್ತಿರ 0.72 ಸೆಕೆಂಡ್, ಅಷ್ಟರಲ್ಲಿ 143 ಪಿಕ್ಸೆಲ್ ಸಾಗುತ್ತದೆ. ಚಿಗರಿಯ ಹಿಟ್‌ಬಾಕ್ಸ್ (ತಾಕಿತೇ ಎಂದು ಎಂಜಿನ್ ನೋಡುವ ಚೌಕಟ್ಟು) 20 ಪಿಕ್ಸೆಲ್ ಅಗಲ. ಅದರ ಹಿಂಬದಿ ಈ ಅಂಚಿನಲ್ಲಿರುವಾಗ ಹಾರಿ, ಮುಂಬದಿ ಆ ಅಂಚಿಗೆ ತಾಕಿದರೂ ದಾಟಿದಂತೆಯೇ. ಹಾಗಾಗಿ ಒಟ್ಟು 163. ಐದು ಟೈಲ್ ತಗ್ಗು 160 ಪಿಕ್ಸೆಲ್. ಕಾಗದದ ಮೇಲೆ ದಾಟಬಹುದು, ಆದರೆ ಉಳಿಯುವುದು ಮೂರೇ ಪಿಕ್ಸೆಲ್. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಮೂಡುವಾಗ ಚಿಗರಿ ಒಂದೇ ಫ್ರೇಮ್‌ನಲ್ಲಿ 3.3 ಪಿಕ್ಸೆಲ್ ಓಡಿಬಿಡುತ್ತದೆ. ಇಂಥ ತಗ್ಗು ಇಟ್ಟರೆ ಬೈಗುಳ ಖಾತ್ರಿ, ಅದು ನ್ಯಾಯವೂ ಹೌದು. ನಾಲ್ಕು ಟೈಲ್‌ಗೆ ನಿಲ್ಲಿಸಿದರೆ ಸುಮಾರು 10 ಫ್ರೇಮ್ ಆಸರೆ ಸಿಗುತ್ತದೆ.

ಇಷ್ಟಾದರೂ "ಒತ್ತೇನಣ್ಣಾ" ನಿಲ್ಲುವುದಿಲ್ಲ. ಕಣ್ಣು ಅಂಚನ್ನು ನೋಡುವುದಕ್ಕೂ ಹೆಬ್ಬೆರಳು ಒತ್ತುವುದಕ್ಕೂ ನಡುವೆ ಹೊತ್ತು ಹೋಗುತ್ತದೆ, ಜೊತೆಗೆ ಪರದೆ ಆ ಒತ್ತನ್ನು ಎಂಜಿನ್‌ಗೆ ಮುಟ್ಟಿಸಲೂ ಹೊತ್ತು ಬೇಕು. ಇದಕ್ಕೆ ಎರಡು ಉಪಾಯ. ಒಂದು ಕೊಯೋಟಿ ಟೈಮ್: ಅಂಚು ದಾಟಿದ ಮೇಲೂ 0.1 ಸೆಕೆಂಡ್ ಜಿಗಿಯಲು ಬಿಡುವುದು. ನೆಲದ ಮೇಲಿದ್ದಷ್ಟು ಹೊತ್ತು ಒಂದು ಟೈಮರನ್ನು 0.1ಕ್ಕೆ ಇಡಿ, ನೆಲ ಬಿಟ್ಟ ಮೇಲೆ ಪ್ರತಿ ಫ್ರೇಮ್ ಡೆಲ್ಟಾ (ಹಿಂದಿನ ಫ್ರೇಮ್ ಆದ ಮೇಲೆ ಸರಿದ ಹೊತ್ತು) ಕಳೆಯಿರಿ, ಸೊನ್ನೆಗಿಂತ ಹೆಚ್ಚಿದ್ದರೆ ಜಿಗಿಸಿ. ಜಿಗಿಸಿದ ತಕ್ಷಣ ಅದನ್ನು ಸೊನ್ನೆ ಮಾಡಲೇಬೇಕು, ಇಲ್ಲದಿದ್ದರೆ ಬೇಗ ಎರಡು ಸಲ ಒತ್ತಿದವರಿಗೆ ಗಾಳಿಯಲ್ಲೇ ಎರಡನೇ ಜಿಗಿತ ಸಿಗುತ್ತದೆ.

ಇನ್ನೊಂದು ಜಂಪ್ ಬಫರ್: ನೆಲ ಮುಟ್ಟುವ 0.12 ಸೆಕೆಂಡ್ ಮೊದಲೇ ಒತ್ತಿದ್ದರೂ ನೆನಪಿಟ್ಟುಕೊಂಡು, ಕಾಲು ತಾಗಿದೊಡನೆ ಜಿಗಿಸುವುದು. 0.2ಕ್ಕೆ ಏರಿಸಿದರೆ ಆಟ ತಾನೇ ಆಡಿದಂತೆ ಕಾಣುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬೆರಳನ್ನು ನೆಲ ಮುಟ್ಟುವ ಮೊದಲೇ ತೆಗೆದಿದ್ದರೆ, "ಬೆರಳು ಬಿಟ್ಟಾಗ ವೇಗ ಅರ್ಧ" ಎಂಬ ಸಾಲು ಓಡುವುದೇ ಇಲ್ಲ, ಸಣ್ಣ ಒತ್ತಿಗೂ ಪೂರ್ತಿ ಜಿಗಿತ ಬರುತ್ತದೆ. ಬಫರ್‌ನಿಂದ ಜಿಗಿಸುವಾಗ ಬೆರಳು ಇನ್ನೂ ಪರದೆಯ ಮೇಲಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಅಲ್ಲೇ ವೇಗ ಇಳಿಸಿ.

ಬಟನ್ ಬಗ್ಗೆ ಹೇಳಲೇಬೇಕು. ಸೆಟ್ಟಿಂಗ್ ಬದಲಿಸದಿದ್ದರೆ ಗೋಡೋದ ಸಾಮಾನ್ಯ ಬಟನ್ ಕೆಲಸ ಮಾಡುವುದು ಬೆರಳು ಎತ್ತಿದಾಗ, ಒತ್ತಿದಾಗಲ್ಲ. ಮೆನುವಿಗೆ ಅದು ಸರಿ, ಜಿಗಿತಕ್ಕೆ ವಿಷ. ಟಚ್‌ಸ್ಕ್ರೀನ್ ಬಟನ್ ಬಳಸಿ, ಅದು ಒತ್ತಿದಾಗಲೇ ಸುದ್ದಿ ಕೊಡುತ್ತದೆ, ಎರಡು ಬೆರಳಿಗೂ ಓಗೊಡುತ್ತದೆ. ನಾನು ಪರದೆಯ ಬಲ ಅರ್ಧವನ್ನೇ ಜಿಗಿತಕ್ಕೆ ಬಿಟ್ಟುಕೊಟ್ಟಿದ್ದೇನೆ. ಹುಬ್ಬಳ್ಳಿ–ಧಾರವಾಡದ 'ಚಿಗರಿ' ಹೆಸರಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತವರು ಒಂದೇ ಕೈಯಲ್ಲಿ ಆಡುತ್ತಾರೆ, ಸಣ್ಣ ಗುಂಡನೆಯ ಬಟನ್ ಅವರಿಗೆ ಸಿಗುವುದಿಲ್ಲ.

ಕ್ಯಾಮೆರಾ: ಚಿಗರಿಯನ್ನು ಪರದೆಯ ನಡುವೆ ಇಟ್ಟರೆ ಮುಂದಿನ ದಾರಿ 1.6 ಸೆಕೆಂಡಿನಷ್ಟು ಕಾಣುತ್ತದೆ, ಎಡದಿಂದ ಮೂರನೇ ಒಂದು ಭಾಗದಲ್ಲಿ ಇಟ್ಟರೆ 2.1 ಸೆಕೆಂಡ್. ದಾರಿಗೆ ಅಡ್ಡವಾಗಿರುವ ಮುಳ್ಳಿನ ಹಿಟ್‌ಬಾಕ್ಸ್ ಚಿತ್ರದ ಮುಕ್ಕಾಲು ಭಾಗ ಮಾತ್ರ ಇರಲಿ, ಮೆಣಸಿನಕಾಯಿಯದು ಚಿತ್ರಕ್ಕಿಂತ ದೊಡ್ಡದಿರಲಿ.

ಹೊಸ ಅಡ್ಡಿಯನ್ನು ಹೇಗೆ ಕಲಿಸಬೇಕೆಂಬುದಕ್ಕೆ 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತವನ್ನು ಆಡಿ ನೋಡಿ. ಎದುರುಬದುರು ಮೆಟ್ಟಿಲುಗಳ ನಡುವೆ ಮೊದಲು ನೆಲ ಇರುತ್ತದೆ, ಬಿದ್ದರೂ ಸಾಯುವುದಿಲ್ಲ. ಸ್ವಲ್ಪ ಮುಂದೆ ಅದೇ ಮೆಟ್ಟಿಲು, ನಡುವೆ ತಗ್ಗು. ಮಾತಿಲ್ಲದೆ ಪಾಠ ಮುಗಿದಿರುತ್ತದೆ. ನಾನೂ ಪ್ರತಿ ಹೊಸ ಅಡ್ಡಿಯನ್ನು ಮೊದಲು ಪ್ರಾಣಾಪಾಯವಿಲ್ಲದ ಜಾಗದಲ್ಲಿ ತೋರಿಸುತ್ತೇನೆ. ಸತ್ತ ಮೇಲೆ ಒಂದು ಸೆಕೆಂಡಿನೊಳಗೆ ಮತ್ತೆ ಓಟ ಶುರುವಾಗಬೇಕು. ಅಲ್ಲಿ ಜಾಹೀರಾತು ತುರುಕುವುದನ್ನು ನಾನು ಒಪ್ಪುವುದಿಲ್ಲ.

ಸದ್ದಿಗೆ ಡಬ್ಲ್ಯೂಎವಿ (WAV) ಫೈಲ್ ಬಳಸಿ, ಮೊದಲಿನ ಮೌನವನ್ನು ಕತ್ತರಿಸಿ ಹಾಕಿ. ಒಂದರ ಹಿಂದೊಂದು ಮೆಣಸಿನಕಾಯಿ ಸಿಕ್ಕಾಗ ಪಿಚ್ ಅನ್ನು ಪ್ರತಿ ಸಲ 1.059ರಿಂದ ಗುಣಿಸಿದರೆ ಸ್ವರ ಅರ್ಧರ್ಧ ಏರುತ್ತದೆ, ಹುಡುಗರು ಆ ಸಾಲನ್ನು ಮುರಿಯದಿರಲು ತಾವಾಗಿಯೇ ಹಟ ಹಿಡಿಯುತ್ತಾರೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಸದ್ದಿನ ಹೊಂದಾಣಿಕೆ ಮಾಡಬೇಡಿ, ಅದರಲ್ಲಿ ಸದ್ದೇ ತಡವಾಗಿ ಬರುತ್ತದೆ. ಮುಳ್ಳು ತಾಗಿದಾಗ 3–4 ಫ್ರೇಮ್ ಎಲ್ಲವನ್ನೂ ನಿಲ್ಲಿಸಿದರೆ ಪೆಟ್ಟು ಬಿದ್ದದ್ದು ಗೊತ್ತಾಗುತ್ತದೆ. ಪರದೆ ಅಲುಗಿಸುವುದಾದರೆ 2–4 ಪಿಕ್ಸೆಲ್ ಸಾಕು, ಅದನ್ನು ನಿಲ್ಲಿಸಲು ಸೆಟ್ಟಿಂಗ್ ಕೊಡಿ. ಕೆಲವರಿಗೆ ತಲೆ ಸುತ್ತುತ್ತದೆ.

ಪರೀಕ್ಷೆಗೆ ಒಂದು ಅಗ್ಗದ ಹಳೆಯ ಫೋನ್, ಒಂದು 90 ಹರ್ಟ್ಸ್ (ಸೆಕೆಂಡಿಗೆ 90 ಸಲ ಚಿತ್ರ ಬದಲಿಸುವ) ಪರದೆಯದು ಇರಲಿ. ಏಪ್ರಿಲ್–ಮೇ ಬಿಸಿಲಿಗೆ ಹಳೆಯ ಫೋನ್ ಕಾದು ವೇಗ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಅರ್ಧ ಗಂಟೆ ಆಡಿಸಿ ಬಿಸಿಯಾದ ಮೇಲೆಯೇ ಜಿಗಿತ ನೋಡಿ. 90 ಹರ್ಟ್ಸ್‌ನಲ್ಲಿ ಓಟ ತಡವರಿಸಿದಂತೆ ಕಂಡರೆ, ಚಲನೆಯನ್ನು ನುಣುಪಾಗಿಸುವ ಫಿಸಿಕ್ಸ್ ಇಂಟರ್‌ಪೊಲೇಶನ್ ಆನ್ ಮಾಡಿ, ಗೋಡೋ 4.3ರಿಂದ ಅದು 2ಡಿಗೆ ಇದೆ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಆಡಿಸುವಾಗ ನೀವು ಬಾಯಿ ಬಿಡಬೇಡಿ. "ಈಗ ಒತ್ತು" ಎಂದು ಹೇಳಿಕೊಟ್ಟರೆ ಆ ಸುತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ.