ಬೇರೆ ದೇಶ ಬೇಕಾ ಅಂತ ಮತ ಹಾಕಿಸಿದಾಗ ಫಲಿತಾಂಶ ಓದುವುದು ಹೇಗೆ

ದಾವಣಗೆರೆಯ ಮಂಡಕ್ಕಿ ಅಂಗಡಿಯೊಂದರಲ್ಲಿ ಕೂತಿದ್ದೆವು. ಮಿರ್ಚಿ ಇನ್ನೂ ಕೈ ಸುಡುವಷ್ಟು ಬಿಸಿ ಇತ್ತು. ತಂಗಿಯ ಮಗ ಮೊಬೈಲ್ ಮುಂದೆ ಹಿಡಿದ. "ಮಾಮ, ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ 2017ರಲ್ಲೇ ಶೇಕಡಾ 90 ಜನ ಬೇರೆ ದೇಶ ಬೇಕು ಅಂದಿದ್ದಾರೆ. ಸ್ಪೇನ್ ಬಿಟ್ಟುಕೊಟ್ಟೇ ಇಲ್ಲ. ಇದೆಂಥ ಪ್ರಜಾಪ್ರಭುತ್ವ?"

ಪೇಪರಿನ ಮೇಲೆ ಹತ್ತು ಮಂಡಕ್ಕಿ ಕಾಳು ಇಟ್ಟೆ. ಆರನ್ನು ಪಕ್ಕಕ್ಕೆ ಸರಿಸಿದೆ. ಈ ಆರು ಜನರ ಮತ ಎಣಿಕೆಗೆ ಬಂದೇ ಇಲ್ಲ, 90 ಅನ್ನೋದು ಉಳಿದ ನಾಲ್ಕರ ಲೆಕ್ಕ ಅಂದೆ. ಅಲ್ಲಿ ಮತದಾನ ಆಗಿದ್ದು ಶೇಕಡಾ 43ರಷ್ಟು ಮಾತ್ರ.

ಹಾಗಾಗಿ ಮೊದಲ ಕೆಲಸ ಇದು: ಗೆದ್ದವರ ಶೇಕಡಾವಾರು ಬಿಟ್ಟು, ಎಷ್ಟು ಜನ ಮತ ಹಾಕಿದರು ಅಂತ ನೋಡಿ. ಆದರೆ ಬಾರದವರೆಲ್ಲ ವಿರೋಧಿಗಳು ಅಂತಲೂ ಹೇಳಬೇಡಿ. ಅವತ್ತು ಅಲ್ಲಿ ಪೊಲೀಸರು ಮತಗಟ್ಟೆಗೆ ನುಗ್ಗಿ ಪೆಟ್ಟಿಗೆ ಹೊತ್ತೊಯ್ದಿದ್ದರು. ಸಾಂವಿಧಾನಿಕ ನ್ಯಾಯಾಲಯ ಆ ಮತದಾನಕ್ಕೆ ಮೊದಲೇ ತಡೆ ಕೊಟ್ಟಿತ್ತು, ಬೇರೆಯಾಗುವುದು ಬೇಡ ಅನ್ನುವವರಲ್ಲಿ ತುಂಬಾ ಜನ ಮನೆಯಲ್ಲೇ ಉಳಿದರು. ಇಂಥ ಕಡೆ ಜನರ ಒಪ್ಪಿಗೆ ಇತ್ತೋ ಇರಲಿಲ್ಲವೋ ಅಂತ ಅಂಕಿ ನೋಡಿ ತೀರ್ಮಾನ ಮಾಡೋಕೆ ಆಗಲ್ಲ.

ಆಮೇಲೆ ಪ್ರಶ್ನೆ ಹುಡುಕಿ, ಪೂರ್ತಿ ಓದಿ. ಬ್ರಿಟನ್ನಿನ ಭಾಗವಾದ ಸ್ಕಾಟ್ಲೆಂಡ್‌ನ ಸರ್ಕಾರ ಮೊದಲು 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ?' ಅಂತ ಕೇಳಲು ಹೊರಟಿತ್ತು. 'ಒಪ್ಪುತ್ತೀರಾ' ಅಂದರೆ ಜನ ಹೌದು ಅನ್ನುವ ಕಡೆಗೆ ವಾಲುತ್ತಾರೆ ಅಂತ ಚುನಾವಣಾ ಆಯೋಗ ಅದನ್ನು ತೆಗೆಸಿತು. ಕೊನೆಗೆ 2014ರಲ್ಲಿ ಕೇಳಿದ್ದು ಇಷ್ಟೇ: 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?' ಕೆನಡಾದ ಕ್ವಿಬೆಕ್ ಪ್ರಾಂತ್ಯ 1995ರಲ್ಲಿ ಕೇಳಿದ ಪ್ರಶ್ನೆಯಲ್ಲಿ ಸಾರ್ವಭೌಮತ್ವದ ಜೊತೆ ಕೆನಡಾದೊಂದಿಗೆ ಹೊಸ ಪಾಲುದಾರಿಕೆಯ ಪ್ರಸ್ತಾಪ, ಒಂದು ಮಸೂದೆ, ಒಂದು ಒಪ್ಪಂದ ಎಲ್ಲವೂ ಸೇರಿತ್ತು. 'ಬೇಡ' ಗೆದ್ದಿದ್ದು ಶೇಕಡಾ 50.58ರಿಂದ. ಹೌದು ಅಂದವರಲ್ಲಿ ಎಷ್ಟು ಜನ ನಿಜವಾಗಿ ಕೆನಡಾ ಬಿಡಬೇಕು ಅಂತಿದ್ದರು, ಎಷ್ಟು ಜನ ಪಾಲುದಾರಿಕೆ ಸಿಗುತ್ತೆ ಅಂತ ನಂಬಿದ್ದರು, ಆ ಪ್ರಶ್ನೆ ಇಟ್ಟುಕೊಂಡು ಬಿಡಿಸಿ ಹೇಳೋದು ಕಷ್ಟ. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆಗೆ ಕೂರಲೇಬೇಕು, ಆದರೆ ಒಂದೇ ಕಡೆಯವರು ಹೇಳಿ ಹೊರಟುಬಿಡುವ ಹಾಗಿಲ್ಲ ಅಂತ 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಇದು ತುಂಬಾ ನ್ಯಾಯವಾದ ಮಾತು ಅನಿಸುತ್ತದೆ.

ಮತ ಯಾರಿಗಿತ್ತು ಅನ್ನೋದನ್ನೂ ನೋಡಿ. ಸ್ಕಾಟ್ಲೆಂಡಿನಲ್ಲಿ 16 ವರ್ಷದವರಿಗೂ ಇತ್ತು. ಅಲ್ಲೇ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದವರಿಗೆ ಇರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಮತದಾನಕ್ಕೆ ಮುಂಚಿನ ದಿನಗಳಿಗೆ. ನಿಯಮಕ್ಕೆ ಎರಡೂ ಕಡೆಯವರು ಒಪ್ಪಿದ್ದರಾ? ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2012ರಲ್ಲೇ ಬ್ರಿಟನ್, ಸ್ಕಾಟ್ಲೆಂಡ್ ಎರಡೂ ಸರ್ಕಾರಗಳು ಸಹಿ ಹಾಕಿದ್ದವು. ಅದಕ್ಕೇ 55.3–44.7ರಲ್ಲಿ ಸೋತ ಸ್ವಾತಂತ್ರ್ಯದ ಪರದವರು ಮಾರನೇ ದಿನ ಸೋಲು ಒಪ್ಪಿಕೊಂಡರು. ಮಾಂಟೆನೆಗ್ರೊದಲ್ಲಿ 2006ರಲ್ಲಿ ಸೆರ್ಬಿಯಾದಿಂದ ಬೇರೆಯಾಗಲು ಶೇಕಡಾ 55 ಬೇಕು ಅಂತ ಮೊದಲೇ ಗೆರೆ ಎಳೆದಿದ್ದರು, ಬಂದಿದ್ದು 55.5. ಎಣಿಕೆ ಮುಗಿದ ಮೇಲೆ ಆ ಗೆರೆ ಎಳೆಯಲು ಹೋಗಿದ್ದರೆ ಜಗಳ ಬಗೆಹರಿಯುತ್ತಿತ್ತಾ?

"ನಮ್ಮಲ್ಲಿ?" ಅಂದ ಹುಡುಗ. ನಮ್ಮ ಸಂವಿಧಾನದಲ್ಲಿ ಒಕ್ಕೂಟ ಬಿಟ್ಟು ಹೋಗುವ ದಾರಿ ಇಲ್ಲ. ರಾಜ್ಯಗಳ ಗಡಿ ಬದಲಿಸುವುದು 3ನೇ ವಿಧಿಯಡಿ ಸಂಸತ್ತಿನ ಕೈಯಲ್ಲಿದೆ. ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳುತ್ತಾರೆ, ಅದರಂತೆ ನಡೆಯಲೇಬೇಕು ಅಂತಿಲ್ಲ. ಆದರೂ 1967ರಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕಾ ಅಂತ ಗೋವಾದ ಜನರನ್ನೇ ಕೇಳಿದರು. ಅವರು ಬೇಡ ಅಂದರು, ಗೋವಾ ಬೇರೆಯಾಗಿಯೇ ಉಳಿಯಿತು.

ಇನ್ನು ನಮ್ಮ ಪಕ್ಕದ ಹರಪನಹಳ್ಳಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೋರಾಟ ನಡೆದವು, ಮನವಿ ಹೋದವು, ಮತಪೆಟ್ಟಿಗೆ ಮಾತ್ರ ಇಟ್ಟಿರಲಿಲ್ಲ. ಜಿಲ್ಲೆ ಬದಲಾಗೋದು ದೇಶ ಬದಲಾದಂತಲ್ಲ, ನಿಜ. ಆದರೆ ಅಭ್ಯಾಸಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲ್ಲ. ಒಂದು ಚೀಟಿ ತಗೊಳ್ಳಿ. ಆಗ ಹರಪನಹಳ್ಳಿಯವರನ್ನು ಕೇಳಿದ್ದರೆ ಪ್ರಶ್ನೆ ಹೇಗಿರಬೇಕಿತ್ತು, ಮತ ತಾಲ್ಲೂಕಿನವರಿಗೆ ಮಾತ್ರವೋ ಇಡೀ ಜಿಲ್ಲೆಗೋ, ಎಷ್ಟು ಬಂದರೆ ಸಾಕು, ಬರೆಯಿರಿ. ಹುಡುಗ ಮೊದಲ ಸಾಲು ಬರೆಯೋಕೇ ಮೂರು ಸಲ ಹೊಡೆದುಹಾಕಿದ.