ಬೆಲೆ ಪುಸ್ತಕ ಮತ್ತು ಓಣಿಯ ಪಾರ್ಸಲ್‌ಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯವರಿಗೆ ಮಿಕ್ಸರ್ ಬೇಕಾದರೂ, ಮಕ್ಕಳ ಶಾಲೆಯ ಚೀಲ ಬೇಕಾದರೂ ಆನ್‌ಲೈನ್ ಆರ್ಡರ್ ಹೋಗುವುದು ಹೆಚ್ಚಾಗಿ ನನ್ನ ಮೊಬೈಲ್‌ನಿಂದ. ನನ್ನ ಬಳಿ ಇರುವ ಏಕೈಕ ಉಪಕರಣ ಒಂದು ಹಳೆಯ ಲೆಕ್ಕದ ಪುಸ್ತಕ. ಪೇಟೆಗೆ ಹೋದಾಗಲೆಲ್ಲ ಅಂಗಡಿಯಲ್ಲಿ ಕೇಳಿದ ಧಾರಣೆಯನ್ನು ಅದರಲ್ಲಿ ಬರೆದಿಡುತ್ತೇನೆ: ಕುಕ್ಕರ್ ಇಷ್ಟು, ಸೀಲಿಂಗ್ ಫ್ಯಾನ್ ಇಷ್ಟು, ಈ ಕಂಪನಿಯ ಈ ಮಾಡೆಲ್ ಇಷ್ಟು. ಪುಸ್ತಕದಲ್ಲಿ ಬೆಲೆ ಇಲ್ಲದ ವಸ್ತುವನ್ನು ಎಷ್ಟೇ ಅಗ್ಗವಾಗಿ ಕಂಡರೂ ಅಂದೇ ಕೊಳ್ಳುವುದಿಲ್ಲ. ಯಾವುದಕ್ಕಿಂತ ಅಗ್ಗ ಎಂದು ತಿಳಿಯದೆ ಅಗ್ಗ ಎನ್ನುವುದು ಹೇಗೆ?

ಪರದೆಯ ಮೇಲೆ ಕೆಂಪಕ್ಷರದಲ್ಲಿ ಮಿನುಗುವ ‘ಶೇಕಡಾ 70 ರಿಯಾಯಿತಿ’ಯನ್ನು ನಾನು ಓದುವುದೇ ಇಲ್ಲ. ಆ ರಿಯಾಯಿತಿಯನ್ನು ಎಂಆರ್‌ಪಿಯಿಂದ ಕಳೆದು ತೋರಿಸುತ್ತಾರೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿಸಿ ಮಾರಬಹುದಾದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳಿದರೆ ತಪ್ಪು. ಆದರೆ 900 ರೂಪಾಯಿಗೆ ಮಾರುವ ಉದ್ದೇಶವಿರುವ ವಸ್ತುವಿನ ಮೇಲೆ 2,999 ಎಂದು ಮುದ್ರಿಸುವವರು ಬೇಕಾದಷ್ಟು ಜನರಿದ್ದಾರೆ. ಆದ್ದರಿಂದ ನಾನು ಹೋಲಿಸುವುದು ಎರಡೇ ಅಂಕಿಗಳನ್ನು: ಸಾಗಣೆ, ಪ್ಯಾಕಿಂಗ್, ಇತರ ಶುಲ್ಕ ಎಲ್ಲ ಸೇರಿ ಕೊನೆಯ ಪುಟದಲ್ಲಿ ಬರುವ ಮೊತ್ತ ಮತ್ತು ನನ್ನ ಪುಸ್ತಕದ ಬೆಲೆ. ಸೋಪಿನ ಪುಡಿ, ಚಹಾಪುಡಿಯಂತಹ ದಿನಸಿಯಾದರೆ ಕಿಲೋಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡುತ್ತೇನೆ. ದೊಡ್ಡ ಪ್ಯಾಕೇ ಅಗ್ಗ ಎಂಬ ನಂಬಿಕೆ ಬಹಳ ಸಲ ಅಲ್ಲಿಯೇ ಮುರಿದು ಬೀಳುತ್ತದೆ.

ಕೊನೆಯ ಪುಟದಲ್ಲಿ ಇನ್ನೊಂದು ಕೆಲಸವಿದೆ. ನಾವು ಕೇಳದ ವಿಮೆ, ದೇಣಿಗೆ, ಸದಸ್ಯತ್ವ ಮೆಲ್ಲಗೆ ಬುಟ್ಟಿಗೆ ಸೇರಿಕೊಂಡಿರುತ್ತವೆ. ಗ್ರಾಹಕರನ್ನು ಹೀಗೆ ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರವೂ ಆ ಪಟ್ಟಿಯಲ್ಲಿದೆ. ನಿಷೇಧವಾದ ಮೇಲೂ ನಾನು ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದುತ್ತೇನೆ. ಕ್ರೆಡಿಟ್ ಕಾರ್ಡಿನ ಬಡ್ಡಿಯಿಲ್ಲದ ಕಂತಿನ ವಿಷಯವೂ ಹಾಗೆಯೇ: ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನು ಬೆಲೆಯಲ್ಲಿ ಬಿಡುತ್ತಾರೆ, ಆದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಕಂತಿನ ಶುಲ್ಕ ನಮ್ಮ ತಲೆಗೇ ಬರುತ್ತವೆ.

ನಿಜವಾದ ಉಳಿತಾಯ ನನಗೆ ಸಿಕ್ಕಿದ್ದು ಹಂಗಾಮು ತಪ್ಪಿಸಿ ಕೊಳ್ಳುವುದರಲ್ಲಿ. ನಮ್ಮ ಕಡೆಯ ಬಿಸಿಲಿಗೆ ಏಪ್ರಿಲ್‌ನಲ್ಲಿ ಏರ್ ಕೂಲರ್ ಹುಡುಕುವವನು ಕೇಳಿದಷ್ಟು ಕೊಡಲೇಬೇಕು. ನಾನು ಮಳೆ ಹಿಡಿದ ಮೇಲೆ ನೋಡಲು ಶುರುಮಾಡುತ್ತೇನೆ. ದಸರಾ ಹೊತ್ತಿನ ದೊಡ್ಡ ಮಾರಾಟದಲ್ಲಿ ಕೊಳ್ಳಬೇಕಾದ ವಸ್ತುಗಳನ್ನು ಮೊದಲೇ ಬುಟ್ಟಿಗೆ ಹಾಕಿ, ಆಗಿನ ಬೆಲೆಯನ್ನು ಪುಸ್ತಕದಲ್ಲಿ ಗುರುತು ಮಾಡಿರುತ್ತೇನೆ. ಮಾರಾಟಕ್ಕೆ ಮುನ್ನ ಬೆಲೆ ಏರಿಸಿ ಹಬ್ಬದ ದಿನ ಇಳಿಸಿದ ಶೂರರು ಆಗ ತಾವಾಗಿಯೇ ಸಿಕ್ಕಿಬೀಳುತ್ತಾರೆ. ಯಂತ್ರಗಳನ್ನು ಕೊಳ್ಳುವಾಗ ಕಂಪನಿಯ ಸರ್ವಿಸ್ ಸೆಂಟರ್ ಬಾಗಲಕೋಟೆಯಲ್ಲಿದೆಯೇ ಎಂದು ಫೋನ್ ಮಾಡಿ ಕೇಳುತ್ತೇನೆ. ಕೆಟ್ಟುಹೋದ ಗ್ರೈಂಡರ್ ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗುವುದಾದರೆ ಬಸ್ ಖರ್ಚು, ಒಂದು ದಿನದ ಕೆಲಸ ಎರಡನ್ನೂ ಬೆಲೆಗೆ ಸೇರಿಸಬೇಕು. ಆ ಲೆಕ್ಕ ಹಾಕಿದಾಗ ಪೇಟೆಯ ಅಂಗಡಿಯವನೇ ಗೆದ್ದದ್ದುಂಟು.

ಇನ್ನು ಸೀರೆಯ ಮಾತು. ಇಳಕಲ್ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಆನ್‌ಲೈನ್‌ನಲ್ಲಿ 400 ರೂಪಾಯಿಗೆ ‘ಇಳಕಲ್ ಸೀರೆ’ ಕಂಡಾಗ ಓಣಿಯ ಹೆಂಗಸರೆಲ್ಲ ನನಗೆ ಮೊಬೈಲ್ ತೋರಿಸಲು ಬರುತ್ತಾರೆ. ನಾನು ಮೊದಲು ಹೆಸರನ್ನು ಪೂರ್ತಿ ಓದಿಸುತ್ತೇನೆ. ‘ಇಳಕಲ್ ಶೈಲಿ’, ‘ಇಳಕಲ್ ಮಾದರಿ’ ಎಂದಿದ್ದರೆ ಮಾರುವವನು ತಾನೇ ಒಪ್ಪಿಕೊಂಡಂತಾಯಿತು. ಆಮೇಲೆ ಮಾರಾಟಗಾರನ ವಿಳಾಸ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನ ಹೆಸರು ಮತ್ತು ವಿಳಾಸವನ್ನು ಜಾಲತಾಣದವರು ತೋರಿಸಬೇಕು. ಪುಟದ ಕೆಳಗೆ ಎಲ್ಲಿಯೋ ಇರುತ್ತದೆ, ಹುಡುಕಬೇಕಷ್ಟೆ. ಮೂರನೆಯದು ಸೆರಗು ಒಡಲಿಗೆ ಸೇರುವ ಜಾಗದ ಚಿತ್ರ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದನೆಯ ನೂಲು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲಿನ ನೂಲು ಹಾಗೆಯೇ ಸೆರಗಿನೊಳಗೆ ಮುಂದುವರಿದಿದ್ದರೆ ಅದು ಕೊಂಡಿ ಹಾಕಿದ ಸೀರೆಯಲ್ಲ; ಸೆರಗಿನ ತೋಪು ತೆನೆಯ ವಿನ್ಯಾಸ ಹಿಂಬದಿಯಲ್ಲಿ ಮಸುಕಾಗಿ ಕಂಡರೆ ಛಾಪಿಸಿದ ಬಟ್ಟೆ. ಆದರೆ ವಿವರಣೆಯಲ್ಲಿ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಎಂದಿದೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಬಾರದು. ನೇಕಾರರೂ ಸೆರಗಿಗೆ ಆರ್ಟ್ ಸಿಲ್ಕ್ ಬಳಸುತ್ತಾರೆ. ಸೆರಗಿನ ಹಿಂಬದಿಯ ಚಿತ್ರ ಕಳುಹಿಸಿ ಎಂದು ಮಾರುವವನನ್ನು ಕೇಳುವುದು ನನ್ನ ರೂಢಿ. ನೇಯ್ದವನಾದರೆ ಉತ್ಸಾಹದಿಂದ ಕಳುಹಿಸುತ್ತಾನೆ, ಉಳಿದವರು ಮಾತು ನಿಲ್ಲಿಸುತ್ತಾರೆ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಹೆಸರಿನಲ್ಲಿ ಮಾರುವ ಪಾಲಿಯೆಸ್ಟರ್ ಬಟ್ಟೆಗೂ ಇದೇ ಪರೀಕ್ಷೆ.

ಕೊಂಡವರ ಅಭಿಪ್ರಾಯಗಳಲ್ಲಿ ಐದು ನಕ್ಷತ್ರದವು ಹೊಗಳಿಕೆ, ಒಂದು ನಕ್ಷತ್ರದವು ಸಿಟ್ಟು. ನಾನು ಎರಡು, ಮೂರು ನಕ್ಷತ್ರದವನ್ನು ಓದುತ್ತೇನೆ. ವಸ್ತುವಿನ ನಿಜವಾದ ಕುಂದು ಅಲ್ಲಿರುತ್ತದೆ.

ನವನಗರದವರಿಗೆ ವಿಳಾಸದ್ದೇ ಒಂದು ಬಾಧೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗ ಮುಳುಗಿದಾಗ ಕಟ್ಟಿದ ಬಡಾವಣೆ ಇದು. ಇಲ್ಲಿ ಮನೆ ಹುಡುಕುವುದು ಸೆಕ್ಟರ್ ಮತ್ತು ಪ್ಲಾಟ್ ಸಂಖ್ಯೆಗಳಿಂದ. ಒಂದು ಅಂಕಿ ತಪ್ಪಿದರೆ ಪಾರ್ಸಲ್ ಇನ್ನೊಂದು ಸೆಕ್ಟರ್‌ಗೆ ಹೋಗುತ್ತದೆ. ಆದ್ದರಿಂದಲೇ ‘ನಿಮ್ಮ ವಿಳಾಸ ಅಪೂರ್ಣವಾಗಿದೆ, ಈ ಲಿಂಕ್ ಒತ್ತಿ ಸರಿಪಡಿಸಿ, ಐದು ರೂಪಾಯಿ ಪಾವತಿಸಿ’ ಎಂಬ ಸಂದೇಶವನ್ನು ಇಲ್ಲಿಯ ಜನ ಥಟ್ಟನೆ ನಂಬುತ್ತಾರೆ. ಅಂಚೆ ಇಲಾಖೆಯ ಹೆಸರಿನಲ್ಲಿಯೂ ಇಂತಹ ಸುಳ್ಳು ಸಂದೇಶ ಬರುತ್ತದೆ. ಐದು ರೂಪಾಯಿ ಯಾರಿಗೂ ಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಆ ಪುಟದಲ್ಲಿ ನಾವು ತುಂಬುವ ಕಾರ್ಡ್ ವಿವರ. ನಾನು ಬಂದ ಲಿಂಕ್ ಒತ್ತುವುದಿಲ್ಲ. ಆರ್ಡರ್ ಮಾಡಿದ ಆ್ಯಪ್ ತೆರೆದು ಪಾರ್ಸಲ್ ಎಲ್ಲಿದೆ ಎಂದು ನೋಡುತ್ತೇನೆ. ‘ಡೆಲಿವರಿ ಹುಡುಗನ ಜೊತೆ ಮಾತನಾಡಲು ಸ್ಟಾರ್ 401 ಸ್ಟಾರ್ ಹಾಕಿ ಈ ನಂಬರ್ ಒತ್ತಿ’ ಎಂದರೆ ಫೋನ್ ಇಟ್ಟುಬಿಡಬೇಕು. ಅದು ನಮ್ಮ ಕರೆಗಳನ್ನು ಅವರ ನಂಬರಿಗೆ ತಿರುಗಿಸುವ ಸಂಕೇತ. ಕರೆಯಲ್ಲಿ ಬರುವ ಒಟಿಪಿಯೂ ಅವರ ಕಿವಿಗೆ ಬೀಳುತ್ತದೆ. ಯುಪಿಐ ಪಿನ್ ಹಣ ಕೊಡಲು ಬೇಕು, ಪಡೆಯಲು ಬೇಡ. ಮರುಪಾವತಿ ಕೊಡುತ್ತೇವೆ, ಪಿನ್ ಹಾಕಿ ಎಂದವನು ಕಳ್ಳ.

ಆನ್‌ಲೈನ್ ಖರೀದಿಗೆ ನಾನು ಬೇರೆಯೇ ಒಂದು ಉಳಿತಾಯ ಖಾತೆ ಇಟ್ಟಿದ್ದೇನೆ. ಬೇಕಾದಷ್ಟು ಹಣವನ್ನು ಆಗಾಗ ಅದಕ್ಕೆ ವರ್ಗಾಯಿಸುತ್ತೇನೆ. ಸಂಬಳದ ಖಾತೆಯ ಕಾರ್ಡ್ ಯಾವ ಆ್ಯಪ್‌ಗೂ ಗೊತ್ತಿಲ್ಲ.

ಪಾರ್ಸಲ್ ಬಂದಾಗ ಹಣ ಕೊಡುವ ಪದ್ಧತಿ ಸುರಕ್ಷಿತ ಎಂದು ಹಿರಿಯರು ತಿಳಿದಿದ್ದಾರೆ. ಆದರೆ ಆರ್ಡರ್ ಮಾಡದ ಪಾರ್ಸಲ್ ಅನ್ನೂ ಬಾಗಿಲಿಗೆ ತಂದು ಹಣ ಕೇಳುವವರಿದ್ದಾರೆ. ಪಕ್ಕದ ಮನೆಯವಳು ಈಗ ಯಾವ ಪಾರ್ಸಲ್ ಬಂದರೂ ಫೋನ್ ಮಾಡುತ್ತಾಳೆ.

“ವೈನಿ, 599 ರೂಪಾಯಿ ಕೇಳುತ್ತಿದ್ದಾನೆ, ನಿಮ್ಮದೇ ಏನು?”

“ನನ್ನದಲ್ಲ. ಕೊಡಬೇಡ, ವಾಪಸ್ ಕಳಿಸು.”

“ನಿಮ್ಮ ತಮ್ಮನ ಹೆಸರೇ ಬರೆದಿದೆಯಲ್ಲ!”

ಹೆಸರು, ವಿಳಾಸ, ಮೊಬೈಲ್ ನಂಬರ್ ಎಲ್ಲವೂ ನಾವು ಎಸೆದ ಹಳೆಯ ಡಬ್ಬಿಗಳ ಮೇಲೆಯೇ ಇರುತ್ತವೆ. ಅದಕ್ಕೇ ರಟ್ಟನ್ನು ರದ್ದಿಗೆ ಹಾಕುವ ಮುನ್ನ ವಿಳಾಸದ ಚೀಟಿ ಹರಿದು ತೆಗೆಯುತ್ತೇನೆ.

ಬೆಲೆಬಾಳುವ ಪಾರ್ಸಲ್ ಬಿಚ್ಚುವಾಗ ಒಬ್ಬರು ವಿಡಿಯೊ ಹಿಡಿಯಬೇಕು, ನಡುವೆ ನಿಲ್ಲಿಸಬಾರದು. ಚೀಟಿ, ಟೇಪು, ಒಳಗಿನ ವಸ್ತು ಒಂದೇ ಓಟದಲ್ಲಿ ಬರಬೇಕು. ಓಣಿಯವರೊಬ್ಬರಿಗೆ ತರಿಸಿದ ಮಿಕ್ಸರ್‌ನಲ್ಲಿ ಜಾರ್ ಒಡೆದು ಬಂದಾಗ ಮಾರಾಟಗಾರ ಮೊದಲು ನಂಬಲಿಲ್ಲ. ವಿಡಿಯೊ ಕಳುಹಿಸಿದರೂ ಉತ್ತರ ಬರಲಿಲ್ಲ. ದೂರನ್ನು ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕೆಂದು ನಿಯಮವಿದೆ ಎಂದು ಬರೆದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಆಮೇಲೆ ಹಣ ಮರಳಿ ಬಂತು. ಬರದಿದ್ದರೆ ಬೆಂಗಳೂರಿಗೆ ಅಲೆಯಬೇಕಾಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು; ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಖಾತೆಯಿಂದಲೇ ಹಣ ಹೋದರೆ ಮಾತ್ರ ದಾರಿ ಬೇರೆ: ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ ತಿಳಿಸುವುದು. ನಮ್ಮ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳುವುದಿಲ್ಲ ಎಂಬುದು ರಿಸರ್ವ್ ಬ್ಯಾಂಕ್ 2017ರಲ್ಲಿ ಕೊಟ್ಟ ಸೂಚನೆ. ಒಟಿಪಿಯನ್ನು ನಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದ ಹಣ ನಮ್ಮದೇ ನಷ್ಟ. 1915, 1930 ಈ ಎರಡು ನಂಬರುಗಳನ್ನು ಬೆಲೆ ಪುಸ್ತಕದ ಹೊರರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಗಾಬರಿಯಲ್ಲಿ ಹುಡುಕುವಂತಾಗಬಾರದು.